ಉಪ್ಪಿಗಿಂತ ಕಡಿಮೆ ಕುರಿ

ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ ನಿವೃತ್ತರಾಗಿ ಮೂರು ತಿಂಗಳಾಯಿತು. ಕನ್ನಡ ಮೇಷ್ಟ್ರು ನೀವೇ ತಾನೆ, ಅವರ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ವಾರ್ಷಿಕ ಸಂಚಿಕೆಯವರು ಕೇಳಿದ್ದರು. ಬರೆದುಕೊಟ್ಟೆ. ‘ಸರಳತೆಯ ಸಾಕಾರಮೂರ್ತಿ’, ‘ಜ್ಞಾನದ ದೀವಿಗೆ’, ‘ವಿದ್ಯಾರ್ಥಿಗಳ ಪಾಲಿನ ತಾಯಿ’ ಎಲ್ಲವೂ ಅದರಲ್ಲಿದ್ದವು. ಸಂಚಿಕೆ ಕೈಸೇರಿದ ದಿನವೇ ಮೇಡಂ ಫೋನ್ ಮಾಡಿದರು.

“ಇದು ಯಾರ ಬಗ್ಗೆ ಬರದೀರಿ?”

“ನಿಮ್ಮ ಬಗ್ಗೇನೇ ಮೇಡಂ.”

“ಹಂಗೇನು? ಇದರಾಗ ನಾನು ಎಷ್ಟು ಪರ್ಸೆಂಟ್ ಅದೀನ್ರಿ?”

ಹಾಗಾಗಿ ಇದು ಎರಡನೆಯ ಪ್ರಯತ್ನ. ಹೆಸರು ಬರೆಯುವುದಿಲ್ಲ. ಬರೆದರೆ ಮತ್ತೊಂದು ಫೋನ್ ಬರುತ್ತದೆ.

ಮೇಡಂ ಬಾಗಲಕೋಟೆ ಕಡೆಯವರು. ಐದಡಿಗೆ ಒಂದು ಬೆರಳು ಕಡಿಮೆ, ಇಳಕಲ್ ಸೀರೆ, ದಾರ ಕಟ್ಟಿದ ಕನ್ನಡಕ. ವ್ಯಾನಿಟಿ ಬ್ಯಾಗಿನಲ್ಲಿ ಬೇರೆ ಹೆಂಗಸರು ಏನಿಟ್ಟುಕೊಳ್ಳುತ್ತಾರೋ ನನಗೆ ಗೊತ್ತಿಲ್ಲ, ಇವರ ಬ್ಯಾಗಿನಲ್ಲಿ ಒಂದು ಭೂತಗನ್ನಡಿ ಇರುತ್ತಿತ್ತು. ಯಾವ ಪೊಟ್ಟಣ ಕೈಗೆ ಸಿಕ್ಕಿದರೂ ಮೊದಲು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದುವುದು ಅವರ ಅಭ್ಯಾಸ. ಕ್ಯಾಂಟೀನಿನ ಟೊಮೇಟೊ ಸಾಸಿನ ಬಾಟಲಿಯಲ್ಲಿ ಟೊಮೇಟೊಗಿಂತ ಮೊದಲು ಕುಂಬಳಕಾಯಿಯ ಹೆಸರಿದ್ದುದನ್ನು ಪತ್ತೆಹಚ್ಚಿದವರು ಅವರೇ. ಮರುದಿನದಿಂದ ಎಲ್ಲರೆದುರೂ ಗಟ್ಟಿಯಾಗಿ, “ಒಂದು ಪ್ಲೇಟ್ ಸಮೋಸಾ, ಜೊತಿಗೆ ಕುಂಬಳಕಾಯಿ ಸಾಸ್ ಕೊಡ್ರಿ” ಎಂದು ಕೇಳತೊಡಗಿದರು. ಎರಡು ವಾರಕ್ಕೆ ಕ್ಯಾಂಟೀನಿನವನು ಸಾಸ್ ಬದಲಿಸಿದ.

ಇನ್ನೊಂದು ಅಭ್ಯಾಸವೆಂದರೆ ಅವರು ಯಾರನ್ನೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ನಪಾಸಾದ ಹುಡುಗರಿಗೂ ‘ರೀ’, ವಾಚ್‌ಮನ್‌ಗೂ ‘ರೀ’. ಸ್ಟಾಫ್ ರೂಮಿನ ಫ್ಯಾನು ನಿಂತುಹೋದಾಗ ಅದರತ್ತ ನೋಡಿ, “ಏನ್ರೀ, ತಿರುಗ್ರಲ್ಲ” ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ.

ನಾಯಿಗೂ ‘ರೀ’ ಅಂದದ್ದು ಹಾಗಾಗಿ ನಮಗೆ ವಿಶೇಷವೆನಿಸಲಿಲ್ಲ. ಆ ನಾಯಿ ಡಿಗ್ರಿ ಫಲಿತಾಂಶ ಬಂದ ದಿನ ಗೇಟಿನೊಳಗೆ ನುಗ್ಗಿ, ಅಳುತ್ತಿದ್ದ ಹುಡುಗರ ಮಧ್ಯೆ ಕೂತುಬಿಟ್ಟಿತ್ತು. ಕಂದು ಬಣ್ಣದ ಬೀದಿನಾಯಿ, ಒಂದು ಕಿವಿ ಎದ್ದದ್ದು, ಒಂದು ಕಿವಿ ಬಿದ್ದದ್ದು. ನಮ್ಮ ಅಟೆಂಡರ್ ಅದಕ್ಕೆ ‘ರಿಸಲ್ಟ್’ ಎಂದು ಹೆಸರಿಟ್ಟ. ಆಮೇಲೆ ಕಾಲೇಜಿನಲ್ಲಿ ಒಬ್ಬರಿಗೊಬ್ಬರ ಮಾತು ಅರ್ಥವಾಗುವುದು ಕಷ್ಟವಾಯಿತು. ಒಂದು ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಫೈಲಿನಿಂದ ತಲೆಯೆತ್ತಿ, “ಮೇಡಂ, ಈ ಸಲ ರಿಸಲ್ಟ್ ಹೆಂಗಿದೆ?” ಎಂದು ಕೇಳಿದರು.

“ಛಲೋ ಇಲ್ರಿ ಸರ್. ಬೆನ್ನ ಮ್ಯಾಲಿನ ಕೂದಲೆಲ್ಲಾ ಉದುರ್ಯಾವು.”

ಅದು ನಿಜವಾಗಿತ್ತು. ರಿಸಲ್ಟ್ ಒಂದೇ ಸಮನೆ ಮೈ ಕೆರೆದುಕೊಳ್ಳುತ್ತಿತ್ತು. ಬೆನ್ನು ಹಳೆಯ ಕಾಲೊರಸಿನಂತೆ ಆಗಿತ್ತು. ಪ್ರಿನ್ಸಿಪಾಲರು ಒಳ್ಳೆಯವರೇ, ಆದರೆ ಇನ್ನು ಮೂರು ತಿಂಗಳಿಗೆ ಕಾಲೇಜಿನ ಗುಣಮಟ್ಟ ನೋಡಲು ಪರಿಶೀಲನಾ ಸಮಿತಿ ಬರುವುದಿತ್ತು. “ಗೇಟಲ್ಲೇ ಅದು ಹಿಂಗೆ ಕೆರ್ಕೊಂಡು ಕೂತಿದ್ರೆ ಗ್ರೇಡ್ ಯಾರ್ ಕೊಡ್ತಾರೆ ಮೇಡಂ? ನಾಯಿ ಹಿಡಿಯೋರ್‌ನ ಕರೆಸ್ಬಿಡ್ತೀನಿ” ಎಂದರು.

“ನನಗ ಸಮಿತಿ ಬರೂತನಕ ಟೈಮ್ ಕೊಡ್ರಿ. ಅವರು ಹಿಂಗ ಇದ್ರ ನಾನ ಕರಸ್ತೀನಿ” ಎಂದರು ಮೇಡಂ. ‘ಅವರು’ ಎಂದರೆ ನಾಯಿ.

ಅವತ್ತೇ ರಿಸಲ್ಟನ್ನು ನನ್ನ ಹಳೆಯ ಕಾರಿನಲ್ಲಿ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಚರ್ಮ ಕೆರೆದು ಪರೀಕ್ಷೆ ಮಾಡಿ, ಕಜ್ಜಿ ಇಲ್ಲ, ಹುಳ ಇಲ್ಲ, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಕ್ರೀಮ್ ಬಿಸ್ಕತ್ತು, ಚಿಪ್ಸು, ಕ್ಯಾಂಟೀನಿನ ಬೋಂಡ ಎಂದೆ. ವೈದ್ಯರು ನಾಯಿಯನ್ನು ಬಿಟ್ಟು ನನ್ನನ್ನು ನೋಡಿದರು. “ಅದನ್ನೆಲ್ಲ ನಿಲ್ಸಿ. ಅಂಗಡೀಲಿ ಸಿಗೋ ಒಳ್ಳೆ ಡಾಗ್ ಫುಡ್ ಹಾಕಿ, ಎರಡು ತಿಂಗಳಲ್ಲಿ ಕೂದ್ಲು ಬರುತ್ತೆ.”

“ಒಳ್ಳೇದು ಅಂದ್ರ ಯಾವ್ದ್ರಿ?” ಎಂದು ಕೇಳಿದರು ಮೇಡಂ.

“ಬೇಕಾದಷ್ಟಿವೆ ಮೇಡಂ. ಯಾವುದಾದ್ರೂ ಒಳ್ಳೇದು ನೋಡಿ ತಗೊಳ್ಳಿ.”

ಆ ಮಾತನ್ನು ಅವರು ಬೇರೆ ಯಾರಿಗಾದರೂ ಹೇಳಿದ್ದರೆ ನನ್ನ ಮೂರು ಭಾನುವಾರಗಳು ಉಳಿಯುತ್ತಿದ್ದವು.

ಅಲ್ಲಾಳಸಂದ್ರ ಕೆರೆಯ ಹತ್ತಿರ ನಾಯಿ ಬೆಕ್ಕುಗಳ ಸಾಮಾನಿನ ಅಂಗಡಿಯೊಂದಿದೆ. ಅದನ್ನು ನಡೆಸುವವನು ಅದೇ ಊರಿನ ಹಳೆಯ ಮನೆತನದವನು. ಅವನಪ್ಪ ಅದೇ ಜಾಗದಲ್ಲಿ ಹಸುಗಳಿಗೆ ಬೂಸಾ, ಹಿಂಡಿ ಮಾರುತ್ತಿದ್ದನಂತೆ. ಮಗ ಹವಾನಿಯಂತ್ರಣ ಹಾಕಿಸಿ ನಾಯಿಗಳ ಕಡೆಗೆ ತಿರುಗಿದ್ದ. ಮೇಡಂ ಒಳಗೆ ಕಾಲಿಟ್ಟ ಕೂಡಲೇ ಹೊಳೆಯುವ ಚೀಲವೊಂದನ್ನು ಮುಂದಿಟ್ಟ. ಅದರ ಮೇಲೆ ಹಸಿರು ಹುಲ್ಲುಗಾವಲು, ನಡುವೆ ದಷ್ಟಪುಷ್ಟವಾದ ಕುರಿ.

“ಇದ್ ತಗಳಿ ಮೇಡಂ, ಎಲ್ರೂ ಇದ್ನೇ ತಗೊಂಡೋಗೋದು.”

ಮೇಡಂ ಚೀಲವನ್ನು ಬೋರಲು ಮಾಡಿ ಭೂತಗನ್ನಡಿ ತೆಗೆದರು. “ಗೋದಿ, ಮೆಕ್ಕೆಜೋಳ, ಅಕ್ಕಿ ತೌಡು, ಸೋಯಾ ಹಿಂಡಿ, ಎಣ್ಣಿ, ಉಪ್ಪು...” ಇಲ್ಲಿ ನಿಂತರು. ಭೂತಗನ್ನಡಿಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದರು. “ಉಪ್ಪಿನ ಕೆಳಗ ಕುರಿ ಐತ್ರಿ.”

“ಅದ್ಕೇನಿವಾಗ ಮೇಡಂ?”

“ಈ ಪಟ್ಟಿ ತೂಕದ ಪ್ರಕಾರ ಇರತೈತ್ರಿ. ಹೆಚ್ಚಿಗಿ ಇದ್ದದ್ದು ಮೊದಲ, ಕಡಿಮಿ ಇದ್ದದ್ದು ಕಡೀಕ. ಅಂದ್ರ ಇದರಾಗ ಉಪ್ಪಿಗಿಂತ ಕಡಿಮಿ ಕುರಿ ಐತಿ. ಆ ಕುರಿ ಫ್ಯಾಕ್ಟರಿ ಮುಂದ ಹಾದು ಹೋಗಿರಬೇಕು, ಅಷ್ಟ.”

“ಅಯ್ಯೋ, ಇದು ಪ್ರೀಮಿಯಮ್ಮು ಮೇಡಂ!”

“ಪ್ರೀಮಿಯಂ ಅನ್ನೂ ಪದಾರ್ಥ ಇದರಾಗ ಎಲ್ಲೂ ಬರದಿಲ್ಲಲ್ರಿ?”

“ಅದು ಚೀಲದ್ ಮೇಲಿರ್ತದೆ ಮೇಡಂ, ಒಳ್ಗಿರಲ್ಲ.”

ಅವನು ಸತ್ಯವನ್ನೇ ಹೇಳಿದ್ದ. ಮೇಡಂ ಮೆಚ್ಚುಗೆಯಿಂದ ತಲೆದೂಗಿ ಮುಂದಿನ ಚೀಲಕ್ಕೆ ಹೋದರು. ಹನ್ನೊಂದು ಚೀಲಗಳಾದವು. ಒಂದರಲ್ಲಿ ‘ಮಾಂಸ ಮತ್ತು ಮಾಂಸಜನ್ಯ ಪದಾರ್ಥಗಳು’ ಎಂದಿತ್ತು, ಯಾವ ಪ್ರಾಣಿಯೆಂದು ಇರಲಿಲ್ಲ. ಒಂದರಲ್ಲಿ ತಯಾರಾದ ದಿನಾಂಕವೇ ಕಾಣಲಿಲ್ಲ. ಇನ್ನೊಂದು ಚೆನ್ನಾಗಿಯೇ ಇತ್ತು, ಆದರೆ ಮರಿಗಳಿಗೆ ಮಾತ್ರ. ಮತ್ತೊಂದು ‘ಪೂರಕ ಆಹಾರ’. ಅಂದರೆ ಅದೊಂದನ್ನೇ ತಿಂದು ನಾಯಿ ಬದುಕಲಾರದು ಎಂದು ಅವರು ಸಣ್ಣಕ್ಷರದಲ್ಲಿ ಒಪ್ಪಿಕೊಂಡಿದ್ದರು.

ಅಂಗಡಿಯವನು ಬೆವರು ಒರೆಸಿಕೊಂಡು ಮೂಲೆಯ ಡ್ರಮ್ಮಿನ ಕಡೆ ಕೈ ತೋರಿಸಿದ. “ಬಿಡಿ ಕಾಳು ಐತೆ ಮೇಡಂ, ಅದ್ರಲ್ ಓದೋಕ್ ಏನೂ ಇಲ್ಲ.”

ಮೇಡಂ ನನ್ನತ್ತ ತಿರುಗಿದರು. “ನೀವು ಮಾಂಸ ತಿನ್ನೋರು ಹೌದಲ್ರೀ?”

“ಹೌದು ಮೇಡಂ.”

“ಹಂಗಾರ ಮೂಸ್ರಿ. ನಾನು ಹುಟ್ಟಾ ತಿಂದಿಲ್ಲ, ನನಗ ಛಲೋದು ಯಾವ್ದು ಕೆಟ್ಟದ್ದು ಯಾವ್ದು ವಾಸನಿ ತಿಳ್ಯೂದಿಲ್ಲ.”

ಹದಿನೆಂಟು ವರ್ಷ ಹಳಗನ್ನಡ ಪಾಠ ಮಾಡಿದವನು ನಾನು. ಹಿಂದೆ ಒಬ್ಬ ಹುಡುಗಿ ಮುದ್ದಾದ ಬಿಳಿ ನಾಯಿಮರಿಯನ್ನು ಎತ್ತಿಕೊಂಡು ನಿಂತಿದ್ದಳು, ಆ ಮರಿಯೂ ನನ್ನನ್ನೇ ನೋಡುತ್ತಿತ್ತು. ಡ್ರಮ್ಮಿನೊಳಗೆ ತಲೆ ಹಾಕಿ ಉಸಿರೆಳೆದುಕೊಂಡೆ.

“ಬಜ್ಜಿ ಅಂಗಡಿ ಬಾಣಲಿ ವಾಸ್ನೆ ಮೇಡಂ. ಹಳೇ ಎಣ್ಣೆ.”

“ಕೊಬ್ಬು ಕೆಟ್ಟೈತಿ. ಗಾಳಿಗೆ ತೆರದಿಟ್ರ ಹಂಗ ಆಗೂದ” ಎಂದು ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾನು ಆ ದಿನದಿಂದ ಅಧಿಕೃತ ಮೂಗಾದೆ. ಮನೆಗೆ ಹೋದರೆ ಬ್ಯಾಟರಾಯನಪುರದಲ್ಲೇ ಹುಟ್ಟಿ ಬೆಳೆದ ನನ್ನ ಅಮ್ಮ ಬಾಗಿಲಲ್ಲೇ ತಡೆದಳು.

“ಏನ್ಲಾ, ಮೈಯೆಲ್ಲಾ ಇಂಗ್ ನಾರ್ತೈತೆ?”

ವಿಷಯ ಹೇಳಿದೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಒಂದ್ ನಾಯಿ ಊಟುಕ್ಕೆ ಇಬ್ರು ಮೇಷ್ಟ್ರಾ?”

ಮುಂದಿನ ಭಾನುವಾರ ಮತ್ತೆ ಹೋದೆವು. ಅದರ ಮುಂದಿನ ಭಾನುವಾರ ನಮ್ಮನ್ನು ದೂರದಿಂದಲೇ ಕಂಡ ಅಂಗಡಿಯವನು ಷಟರನ್ನು ಅರ್ಧ ಎಳೆದುಬಿಟ್ಟ. ಮೇಡಂ ಎತ್ತರಕ್ಕೆ ಅದು ಅಡ್ಡಿಯಾಗಲಿಲ್ಲ. ಬಗ್ಗದೆಯೇ ಒಳಗೆ ಹೋದರು.

ಅಷ್ಟರಲ್ಲಿ ಸ್ಟಾಫ್ ರೂಮಿನ ಬೋರ್ಡು ನಾಯಿ ಆಹಾರಕ್ಕೆ ಮೀಸಲಾಗಿತ್ತು. ಡಬ್ಬಿಯಲ್ಲಿ ಬರುವ ಮೆತ್ತನೆಯ ಆಹಾರದಲ್ಲಿ ಪ್ರೋಟೀನ್ ನೂರಕ್ಕೆ ಎಂಟು, ಒಣ ಕಾಳಿನಲ್ಲಿ ಇಪ್ಪತ್ನಾಲ್ಕು ಎಂದಿದೆ, ಹಾಗಾದರೆ ಕಾಳೇ ವಾಸಿ ಎಂದು ನಾನು ಬಾಯಿ ಹಾಕಿದೆ. “ಡಬ್ಬಿಯೊಳಗ ನೂರಕ್ಕ ಎಂಬತ್ತು ನೀರು ಐತ್ರಿ. ನೀರು ತಗದು ಲೆಕ್ಕ ಹಾಕ್ರಿ” ಎಂದು ಚಾಕ್‌ಪೀಸ್ ಕೊಟ್ಟರು. ಹಾಕಿದೆ. ಡಬ್ಬಿಯದು ನಲವತ್ತಾಯಿತು, ಕಾಳಿನದು ಇಪ್ಪತ್ತೇಳರ ಹತ್ತಿರ. ಇತಿಹಾಸದ ಸರ್ ಚಪ್ಪಾಳೆ ತಟ್ಟಿದರು. ಮೇಡಂ ಅದನ್ನೇ ಅಂತಿಮ ಬಿ.ಎಸ್ಸಿ.ಯ ಕಿರುಪರೀಕ್ಷೆಗೆ ಪ್ರಶ್ನೆಯಾಗಿ ಕೊಟ್ಟರು. ಒಬ್ಬ ಹುಡುಗ ‘ನಮ್ಮ ಮನೆಯಲ್ಲಿ ನಾಯಿ ಇಲ್ಲ’ ಎಂದು ಉತ್ತರ ಬರೆದಿದ್ದ.

ಕೊನೆಗೆ ಎರಡು ಚೀಲಗಳು ಉಳಿದವು. ಎರಡರಲ್ಲೂ ಮೊದಲ ಹೆಸರು ಕೋಳಿಯದೇ, ಎರಡೂ ವಯಸ್ಕ ನಾಯಿಗೆ ಸಂಪೂರ್ಣ ಸಮತೋಲಿತ ಆಹಾರ, ಎರಡರಲ್ಲೂ ದಿನಾಂಕ ಸ್ಪಷ್ಟ. ಮೇಡಂ ಎರಡೂ ಕಂಪನಿಗಳಿಗೆ ಫೋನ್ ಮಾಡಿದರು, ನಮಗೆಲ್ಲ ಕೇಳಲೆಂದು ಸ್ಪೀಕರ್ ಹಾಕಿ. ಮೊದಲನೆಯದರಲ್ಲಿ ಇನಿದನಿಯ ಹುಡುಗಿಯೊಬ್ಬಳು ಸಿಕ್ಕಳು.

“ನಿಮ್ಮ ಪೆಟ್ ಹೆಸರು ಏನು ಮ್ಯಾಮ್?”

“ರಿಸಲ್ಟ್.”

“ಯಾವ ರಿಸಲ್ಟ್ ಮ್ಯಾಮ್?”

“ನಮ್ಮ ಕಾಲೇಜಿನ ರಿಸಲ್ಟ್‌ರೀ. ಅದಿರಲಿ, ಈ ಊಟದ ಪ್ರಮಾಣ ನಿರ್ಧಾರ ಮಾಡಿದವರು ಯಾರು? ಅವರು ಏನು ಓದ್ಯಾರು?”

“ಮ್ಯಾಮ್, ನಮ್ಮ ಎಲ್ಲಾ ಪ್ರಾಡಕ್ಟ್‌ಗಳನ್ನೂ ಪ್ರೀತಿಯಿಂದ ಮಾಡ್ತೀವಿ.”

“ಪ್ರೀತಿ ಎಷ್ಟು ಗ್ರಾಂ ಹಾಕ್ತೀರಿ?”

ಆ ಹುಡುಗಿ ಹೋಲ್ಡ್‌ನಲ್ಲಿಟ್ಟಳು. ಸಂಗೀತ ಮುಗಿಯಲೇ ಇಲ್ಲ. ಎರಡನೆಯ ಕಂಪನಿಯವರು ಗೊತ್ತಿಲ್ಲ, ಕೇಳಿ ಹೇಳುತ್ತೇವೆ ಎಂದರು. ಸಂಜೆ ನಿಜವಾಗಿಯೂ ಒಬ್ಬ ಪಶು ಆಹಾರತಜ್ಞೆ ತಾವೇ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಎಲ್ಲಿ ತಯಾರಾಗುತ್ತದೆ, ಯಾವ ಪರೀಕ್ಷೆ ಮಾಡುತ್ತಾರೆ, ಒಂದು ಬಟ್ಟಲಿಗೆ ಎಷ್ಟು ಕ್ಯಾಲರಿ, ಎಲ್ಲವನ್ನೂ ಹೇಳಿದರು. ಕೊನೆಕೊನೆಗೆ ಇಬ್ಬರೂ ನಗುತ್ತಿದ್ದರು. ಆ ಚೀಲದ ಮೇಲೆ ಹುಲ್ಲುಗಾವಲೂ ಇರಲಿಲ್ಲ, ಕುರಿಯೂ ಇರಲಿಲ್ಲ, ಬರೀ ಅಕ್ಷರ. ಅದನ್ನೇ ತಂದೆವು. ಅಂಗಡಿಯವನು ಖುಷಿಗೆ ಒಂದು ಚೆಂಡನ್ನು ಉಚಿತವಾಗಿ ಕೊಟ್ಟ. ಮೇಡಂ ಅದನ್ನೂ ತಿರುಗಿಸಿ ನೋಡಿದರು.

ವಾಪಸು ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. “ಮೇಡಂ, ನೀವು ಮೊಟ್ಟೆ ಹಾಕಿದ ಕೇಕೂ ಮುಟ್ಟಲ್ಲ. ಸಸ್ಯಾಹಾರಿ ಡಾಗ್ ಫುಡ್ಡೂ ಇತ್ತಲ್ಲ. ಅದನ್ನ ತರಬಹುದಿತ್ತು?”

“ನನ್ನ ನೇಮ ನಂದ್ರಿ. ಅವರ ಹಲ್ಲು ಬ್ಯಾರೆ ಹೇಳ್ತಾವ. ಕೇಳಬೇಕಲ್ಲ?”

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ವೈದ್ಯರನ್ನು ಕಂಡು ಬಂದಾಗಿನಿಂದ ರಿಸಲ್ಟ್‌ಗೆ ವಾಚ್‌ಮನ್ ಅನ್ನ, ಬೇಯಿಸಿದ ಮೊಟ್ಟೆ ಹಾಕುತ್ತಿದ್ದ. ಚೀಲ ಬಂದ ವಾರವೇ ಮೇಡಂ ಸೋದರಸೊಸೆಯ ಮದುವೆಗೆಂದು, ರಿಸಲ್ಟ್ ಊಟವನ್ನು ನನಗೆ ವಹಿಸಿ, ನಾಲ್ಕು ದಿನ ಊರಿಗೆ ಹೊರಟರು. ಹೋಗುವ ಮುನ್ನ ಚೀಲವಿಟ್ಟಿದ್ದ ಕೆಮಿಸ್ಟ್ರಿ ಸ್ಟೋರಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹೊಸ ಆಹಾರ ಮೊದಲ ದಿನಗಳಲ್ಲಿ ಕಾಲು ಭಾಗ, ಉಳಿದದ್ದು ಹಳೆಯ ಅನ್ನ, ಆಮೇಲೆ ಅರ್ಧ, ಹೀಗೆ ವಾರದ ಮೇಲೆ ಪೂರ್ತಿ. ಚೀಲದ ಹಿಂಬದಿಯಲ್ಲೂ ಹಾಗೇ ಇತ್ತು. ನಾನು ಎರಡನ್ನೂ ಓದಲಿಲ್ಲ. ಮೂರು ಭಾನುವಾರ ಕಷ್ಟಪಟ್ಟು ಮೂಸಿ ಆರಿಸಿದ ಊಟವನ್ನು ಕಂತಿನಲ್ಲೇಕೆ ಕೊಡಬೇಕು ಎನಿಸಿತು. ರಿಸಲ್ಟ್ ಬೇರೆ ಬಿದ್ದ ಕಿವಿಯನ್ನೂ ಎತ್ತಿ ನೋಡುತ್ತಿತ್ತು. ಬಟ್ಟಲು ತುಂಬ ಹಾಕಿದೆ. ಖಾಲಿ ಮಾಡಿತು. ಇನ್ನೊಂದು ಬಟ್ಟಲು ಹಾಕಿದೆ.

ಮರುದಿನ ಹನ್ನೊಂದು ಗಂಟೆಗೆ ಅಟೆಂಡರ್ ಸ್ಟಾಫ್ ರೂಮಿಗೆ ಓಡಿ ಬಂದ. “ಸಾರ್, ರಿಸಲ್ಟ್ ಔಟಾಯ್ತು! ಪ್ರಿನ್ಸಿಪಾಲ್ರ ರೂಮಲ್ಲಿ!”

ಸಮಿತಿಗೆಂದೇ ಹಾಸಿದ್ದ ಹೊಸ ಕೆಂಪು ಕಾರ್ಪೆಟ್ಟು. ಅದರ ಮೇಲೆ ಒಂದು ಕಡೆಯಲ್ಲ, ಒಂದು ಸುತ್ತು. ಹೊಟ್ಟೆ ಕೆಟ್ಟ ನಾಯಿ ಪಾಪ, ಬಾಗಿಲು ಹುಡುಕುತ್ತಾ ತಿರುಗಿರಬೇಕು. ಪ್ರಿನ್ಸಿಪಾಲರು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತಿದ್ದರು. “ಮೇಡಂ ಬರ್ಲಿ. ಅವತ್ತೇ ಇದರ ಕೊನೆ” ಎಂದರು.

ನನ್ನ ಬಾಯಿಂದ ನಿಜ ಹೊರಡಲಿಲ್ಲ. ಮೇಡಂ ಊರಿನಿಂದ ಬಂದು, ಎಲ್ಲವನ್ನೂ ಕೇಳಿ, ಚೀಲ ಎತ್ತಿ ತೂಕ ನೋಡಿದರು. ಎಷ್ಟು ಖರ್ಚಾಗಿದೆ ಎಂದು ಅವರಿಗೆ ಅಲ್ಲೇ ತಿಳಿಯಿತು. ನನ್ನ ಕಡೆ ಒಮ್ಮೆ ನೋಡಿದರು. ನಂತರ ಪ್ರಿನ್ಸಿಪಾಲರ ರೂಮಿಗೆ ಹೋಗಿ, ನಾನು ಬಾಗಿಲಲ್ಲೇ ನಿಂತಿರುವಾಗ, “ತಪ್ಪು ನಂದ್ರಿ ಸರ್. ನಾನು ಸೂಚನಾ ಸರಿಯಾಗಿ ಬರೀಲಿಲ್ಲ. ಇದರಾಗ ಅವರದೇನೂ ಇಲ್ಲ” ಎಂದರು. ‘ಅವರು’ ಎಂದರೆ ನಾಯಿಯೋ ನಾನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಾರ್ಪೆಟ್ಟನ್ನು ತಾವೇ ಯಾವುದೋ ದ್ರಾವಣ ಮಾಡಿ ಎರಡು ಸಂಜೆ ಕೂತು ತೊಳೆಸಿದರು. ಕಲೆ ಹೋಯಿತು, ಕೆಂಪೂ ಸ್ವಲ್ಪ ಹೋಯಿತು. ಪ್ರಿನ್ಸಿಪಾಲರು ಸಮಿತಿ ಬರುವವರೆಗೆ ಮತ್ತೆ ಅವಕಾಶ ಕೊಟ್ಟರು.

ನನ್ನನ್ನು ಅವರು ಬೈಯಲಿಲ್ಲ. ಸ್ಟೋರಿಗೆ ಕರೆದು ಚೀಲ ಕೈಗೆ ಕೊಟ್ಟು, “ಓದ್ರಿ. ಗಟ್ಟಿಯಾಗಿ” ಎಂದರು. ನಾನು ಗೋಡೆಗೆ ಒರಗಿ ನಿಂತು, ಪದಾರ್ಥಗಳ ಪಟ್ಟಿಯಿಂದ ಹಿಡಿದು ‘ತಂಪಾದ ಒಣ ಜಾಗದಲ್ಲಿಡಿ’ ಎಂಬಲ್ಲಿಯವರೆಗೆ ಓದಿದೆ. ರಿಸಲ್ಟ್ ಪಕ್ಕದಲ್ಲಿ ಕೂತು ಕೇಳಿತು. ಹೊರಗೆ ಹುಡುಗರು ಕಿಟಕಿಗೆ ಮುಖ ಒತ್ತಿ ನಿಂತಿದ್ದರು. “ಛಲೋ ಓದ್ತೀರಿ” ಎಂದರು ಮೇಡಂ. ಅಷ್ಟೇ.

ಅಲ್ಲಿಂದ ಸರಿಯಾಗಿ ಕಾಲು, ಅರ್ಧ, ಮುಕ್ಕಾಲು ಎಂದು ಕೊಟ್ಟೆವು. ಐದಾರು ವಾರಕ್ಕೆ ಕೆರೆತ ನಿಂತಿತು. ಬೆನ್ನಿನ ಮೇಲೆ ಮೊದಲು ಹೂಕೋಸಿನ ಬಣ್ಣದ ರೋಮ, ಆಮೇಲೆ ಕಂದು ಕೂದಲು. ಸಮಿತಿ ಬರುವ ಹೊತ್ತಿಗೆ ರಿಸಲ್ಟ್ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಆದರೂ ಪ್ರಿನ್ಸಿಪಾಲರಿಗೆ ಧೈರ್ಯ ಸಾಲದೆ ಆ ದಿನ ಅದನ್ನು ಸ್ಟೋರಿನ ಹಿಂದೆ ಕಟ್ಟಿಹಾಕಿಸಿದ್ದರು. ಸಮಿತಿಯ ಅಧ್ಯಕ್ಷೆ ಗಂಭೀರವಾದ ಹೆಂಗಸು. ಬಂದು ಕೂತವರೇ, “ಮೊದಲು ನಿಮ್ಮ ರಿಸಲ್ಟ್ ನೋಡ್ಬೇಕು” ಎಂದರು.

ಪ್ರಿನ್ಸಿಪಾಲರ ಮುಖ ಬಿಳಿಚಿಕೊಂಡಿತು. “ಕಟ್ಟಾಕಿದೀವಿ ಮೇಡಂ. ಯಾರಿಗೂ ಏನೂ ತೊಂದ್ರೆ ಇಲ್ಲ.”

“ರಿಸಲ್ಟ್ ಕಟ್ಟಾಕಿದೀರಾ?”

“ಮುಂಚೆ ಕೂದ್ಲು ಉದುರ್ತಿತ್ತು, ಈಗಿಲ್ಲ.”

ಸಮಿತಿಯ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕೊನೆಗೆ ಮೇಡಂ ಎದ್ದು ವಿಷಯ ಬಿಡಿಸಿ ಹೇಳಿ, ನಾಯಿಯನ್ನೂ ಫಲಿತಾಂಶದ ಫೈಲನ್ನೂ ಒಟ್ಟಿಗೆ ತರಿಸಿದರು. ಅಧ್ಯಕ್ಷೆ ಫೈಲನ್ನು ನೋಡಿ ಒಂದಿಷ್ಟು ಕಟುವಾಗಿಯೇ ಟೀಕೆ ಮಾಡಿದರು. ನಾಯಿಯ ಬಗ್ಗೆ ಮಾತ್ರ ಯಾವ ಆಕ್ಷೇಪವೂ ಇಲ್ಲವೆಂದರು. ಗ್ರೇಡು ಹಿಂದಿನದೇ ಬಂತು. ನಾಯಿ ಹಿಡಿಯುವವರ ಮಾತನ್ನು ಪ್ರಿನ್ಸಿಪಾಲರು ಮತ್ತೆ ಎತ್ತಲಿಲ್ಲ.

ಮೇಡಂ ನಿವೃತ್ತರಾದ ದಿನ ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಆಯಿತು. ಕೋಗಿಲು ಬಡಾವಣೆಯಲ್ಲಿ ಅವರದು ಮೂರನೆಯ ಮಹಡಿಯ ಚಿಕ್ಕ ಮನೆ, ನಾಯಿಗೆ ಕಾಲೇಜೇ ಸರಿ ಎಂದು ಊಟದ ಹೊಣೆಯನ್ನು ನನಗೆ ಒಪ್ಪಿಸಿ ಹೋದರು. ಮರುದಿನ ರಿಸಲ್ಟ್ ನಾಲ್ಕು ಕಾಳು ತಿಂದಿತು. ಅದರ ಮರುದಿನ ಮೂಸಿ ಬಿಟ್ಟಿತು. ಮೂರನೆಯ ದಿನ ಮೂಸಲೂ ಇಲ್ಲ, ಗೇಟಿನ ಕಡೆ ಮುಖ ಮಾಡಿ ಮಲಗಿತು. ಹೆದರಿ ಫೋನ್ ಮಾಡಿದೆ. ಅವರು ಬ್ಯಾಚ್ ನಂಬರ್ ಕೇಳಿದರು, ದಿನಾಂಕ ಕೇಳಿದರು, ಚೀಲದ ಬಾಯಿ ಕಟ್ಟಿದ್ದೀರಾ, ನೀರು ಕುಡಿಯುತ್ತದಾ ಎಂದು ಕೇಳಿದರು. ಎಲ್ಲ ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಸ್ಸಿಳಿದು ಬಂದರು. ರಿಸಲ್ಟ್ ಗೇಟಿನಿಂದ ಅವರ ಕಾಲು ಸುತ್ತುತ್ತಾ ಬಂದದ್ದರಿಂದ ಮೆಟ್ಟಿಲವರೆಗಿನ ಐವತ್ತು ಹೆಜ್ಜೆಗೆ ಹತ್ತು ನಿಮಿಷ ಹಿಡಿಯಿತು. ಮೆಟ್ಟಿಲ ಮೇಲೆ ಕೂತರು. ಬಟ್ಟಲು ಮುಂದಿಟ್ಟೆ. ನಾಯಿ ಬಟ್ಟಲು ನೋಡಲಿಲ್ಲ, ಅವರನ್ನೇ ನೋಡಿತು. ಅಷ್ಟು ದಿನ ಅವರು ಸ್ಟೀಲಿನ ಸೌಟಿನಿಂದಲೇ ಅಳೆದು ಹಾಕುತ್ತಿದ್ದರು, ಆ ಕಾಳನ್ನು ಒಮ್ಮೆಯೂ ಕೈಯಲ್ಲಿ ಮುಟ್ಟಿದವರಲ್ಲ. ಅವತ್ತು ಸೆರಗು ಸಿಕ್ಕಿಸಿಕೊಂಡು, ಕಣ್ಣು ಒಂದಿಷ್ಟು ಮುಚ್ಚಿ, ಬಟ್ಟಲಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಅಂಗೈ ಚಾಚಿದರು. “ತಿನ್ರಿ.”

ರಿಸಲ್ಟ್ ತಿಂದಿತು. ಅಂಗೈಯನ್ನೂ ನೆಕ್ಕಿತು.

“ಊಟದಲ್ಲಿ ಏನು ತಪ್ಪಾಗಿತ್ತು ಮೇಡಂ?”

“ಊಟದಾಗ ಏನೂ ತಪ್ಪಿಲ್ರಿ.”

ಮುಖ ಕಿವುಚಿಕೊಂಡೇ ಎದ್ದು ನಲ್ಲಿಯ ಹತ್ತಿರ ಹೋದರು. ನಾನು ನಲ್ಲಿ ತಿರುಗಿಸಿದೆ. ಸೋಪು ಹಚ್ಚಿ ಮೂರು ಸಲ, ಮೊಣಕೈಯವರೆಗೆ ತೊಳೆದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಕಿಟಕಿಯಿಂದ ಇಣುಕಿ, “ಓ ಮೇಡಂ! ಒಳಗೆ ಬನ್ನಿ, ಕಾಫಿ ಕುಡಿಯೋಣ” ಎಂದು ಕರೆದರು.

ಮೇಡಂ ತಿರುಗಿ ನೋಡಿದರು. ಬಟ್ಟಲಿನಲ್ಲಿ ಇನ್ನೂ ಅರ್ಧ ಇತ್ತು. ರಿಸಲ್ಟ್ ಅದರ ಪಕ್ಕದಲ್ಲೇ ಕೂತು ಬಾಲದಿಂದ ನೆಲ ಗುಡಿಸುತ್ತಿತ್ತು.

“ಬಂದೆ ಸರ್, ಇವರ ಊಟ ಮುಗೀಲಿ” ಎಂದು ಹೇಳಿ, ವಾಪಸು ಬಂದು ಮೆಟ್ಟಿಲ ಮೇಲೆ ಕೂತು, ತೊಳೆದ ಕೈಯನ್ನು ಮತ್ತೆ ಬಟ್ಟಲಿಗೆ ಹಾಕಿದರು.